ಅಪ್ಪಯ್ಯ ಪ್ಯಾಸೆಂಜರ್ ಆದ ದಿನ

ನನಗೆ ಕಾರು ಬಿಡಲು ಬರುವುದಿಲ್ಲ. ಸ್ಕೂಟರೂ ಬರುವುದಿಲ್ಲ. ಸೈಕಲ್ಲು ಹತ್ತಿದ್ದು ಒಂದೇ ಸಲ, ಇಳಿದದ್ದು ಪಕ್ಕದ ಮನೆಯವರ ಬಸಳೆ ಚಪ್ಪರದೊಳಗೆ. ಆದರೂ ಯಾರ ವಾಹನದಲ್ಲಿ ಕುಳಿತರೂ ನನ್ನ ಬಲಗಾಲು ಮಾತ್ರ ಸುಮ್ಮನಿರುವುದಿಲ್ಲ. ಎದುರಿಗೆ ಲಾರಿ ಕಂಡರೆ, ದನವೊಂದು ರಸ್ತೆಗೆ ಇಳಿಯುವ ಯೋಚನೆಯಲ್ಲಿದ್ದರೆ, ಅದು ತಾನೇ ಮುಂದಕ್ಕೆ ಚಾಚಿ ನೆಲವನ್ನು ಒತ್ತಿ ಹಿಡಿಯುತ್ತದೆ. ಅಲ್ಲಿ ಬ್ರೇಕಿಲ್ಲ ಎಂಬುದು ನನಗೆ ಗೊತ್ತು, ಕಾಲಿಗೆ ಗೊತ್ತಿಲ್ಲ.

ಮೊನ್ನೆ ಅಳಿಯನ ಕಾರಿನಲ್ಲಿ ಮಂಗಳೂರಿನಿಂದ ಕುಂದಾಪುರಕ್ಕೆ ಬರುವಾಗಲೂ ಹೀಗೇ ಆಯಿತು. ಅಳಿಯ ಒಳ್ಳೆಯವನು. ದೊಡ್ಡ ಕಂಪೆನಿಯೊಂದರಲ್ಲಿ ಕೆಲಸಗಾರರ ಯೋಗಕ್ಷೇಮ ನೋಡಿಕೊಳ್ಳುವುದೇ ಅವನ ಕೆಲಸ. ಸಂಬಳ ಒಂದನ್ನೇ ಕೊಟ್ಟರೆ ಈಗಿನವರು ನಿಲ್ಲುವುದಿಲ್ಲ, ಸಂಬಳದಾಚೆಗೆ ಏನಾದರೂ ಕೊಡಬೇಕು, ಆ ಏನಾದರೂ ಏನು ಎಂಬುದೇ ದೊಡ್ಡ ತಲೆನೋವು ಎಂದು ಬ್ರಹ್ಮಾವರ ದಾಟುವವರೆಗೂ ಹೇಳುತ್ತಾ ಬಂದ. ಹುಟ್ಟಿದ ದಿನಕ್ಕೆ ಕೇಕು, ವರ್ಷಕ್ಕೊಮ್ಮೆ ರೆಸಾರ್ಟು, ಗೋಡೆಯ ಮೇಲೆ ಫೋಟೋ, ಎಲ್ಲ ಮಾಡಿಯೂ ಹುಡುಗರು ಬಿಟ್ಟು ಹೋಗುತ್ತಾರಂತೆ. ನಾನು ಹೂಂಗುಟ್ಟುತ್ತಾ ಕಾಲಿನಿಂದ ಕಾರು ನಿಲ್ಲಿಸುತ್ತಾ ಕುಳಿತಿದ್ದೆ. ತೆಕ್ಕಟ್ಟೆಯ ಹತ್ತಿರ ಅವನಿಗೂ ಸಾಕಾಗಿರಬೇಕು.

"ಅತ್ತೆ, ಕಾಲು ಎತ್ತಿ ಆರಾಮಾಗಿ ಕೂತ್ಕೊಳ್ಳಿ. ಬ್ರೇಕು ನನ್ನ ಹತ್ರ ಇದೆ," ಎಂದ.

ಆ ಮಾತು ಕೇಳಿ ನಾನು ಎಷ್ಟು ಜೋರಾಗಿ ನಕ್ಕೆನೆಂದರೆ, ಪಾಪ, ಹುಡುಗ ಗಾಬರಿಯಾಗಿ ನಿಜವಾದ ಬ್ರೇಕನ್ನೇ ಹಾಕಿಬಿಟ್ಟ. ಯಾಕೆ ನಕ್ಕದ್ದು ಎಂದು ಅವನಿಗೆ ಅರ್ಧ ಹೇಳಿದೆ. ಅಷ್ಟರಲ್ಲಿ ಮನೆ ಬಂತು. ಉಳಿದದ್ದನ್ನು ನಿಮಗೆ ಹೇಳುತ್ತೇನೆ.

ನನ್ನ ಅಪ್ಪಯ್ಯ ಬಸ್ಸಿನ ಡ್ರೈವರ್. ಹೆಸರು ಶ್ರೀನಿವಾಸ. ಕುಂದಾಪುರದಿಂದ ವಂಡ್ಸೆಯ ಮೇಲೆ ಕೊಲ್ಲೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಅವರು ಶೀನಣ್ಣ. ನಾನು ಹೇಳುತ್ತಿರುವುದು ಅರವತ್ತರ ದಶಕದ ಮಾತು. ಆಗ ಆ ರಸ್ತೆಯಲ್ಲಿ ನಮ್ಮದೇ ಬಸ್ಸು. 'ನಮ್ಮದು' ಎಂದರೆ ತಪ್ಪು ತಿಳಿಯಬೇಡಿ. ನಮಗೆ ಅದರ ಒಂದು ಬೋಲ್ಟಿನ ಮೇಲೂ ಹಕ್ಕಿರಲಿಲ್ಲ. ಆದರೆ ಡ್ರೈವರನ ಮಕ್ಕಳು ಬಸ್ಸನ್ನು 'ಅವರದು' ಎಂದು ಹೇಳಿದ್ದನ್ನು ನೀವು ಎಲ್ಲಿಯಾದರೂ ಕೇಳಿದ್ದೀರಾ? ಶಾಲೆಯಲ್ಲಿ ನಾನೂ ನನ್ನ ತಮ್ಮನೂ ಆ ಹಳದಿ ಬಸ್ಸಿನ ಹೆಸರಿನಲ್ಲಿ ಮೆರೆದದ್ದು ಸ್ವಲ್ಪವಲ್ಲ. ಅದರ ರಬ್ಬರ್ ಉಂಡೆಯ ಹಾರ್ನು ಹಿಚುಕಿದರೆ 'ಪೋಂ' ಎನ್ನುತ್ತಿತ್ತು. ಪ್ರತಿ ತಿರುವಿಗೂ ಅಪ್ಪಯ್ಯ ಎರಡು ಸಲ ಹಿಚುಕುತ್ತಿದ್ದರು. ಆ ಸದ್ದು ಕೇಳಿ ದಾರಿಯುದ್ದಕ್ಕೂ ಹೆಂಗಸರು ಅನ್ನಕ್ಕೆ ಅಕ್ಕಿ ಹಾಕುತ್ತಿದ್ದರು, ಗಂಡಸರು ಅಂಗಡಿಯ ಕಟ್ಟೆಯಿಂದ ಏಳುತ್ತಿದ್ದರು.

ಕಂಪೆನಿಯಲ್ಲಿ ಇದ್ದದ್ದು ಎರಡೇ ಬಸ್ಸು. ಯಜಮಾನರನ್ನು ಎಲ್ಲರೂ ಧಣಿಗಳು ಎನ್ನುತ್ತಿದ್ದರು. ಅವರು ಮೊದಲು ಇನ್ನೊಬ್ಬರ ಬಸ್ಸಿಗೆ ಡ್ರೈವರ್ ಆಗಿದ್ದವರು. ಆಮೇಲೆ ಹೇಗೋ ಒಂದು ಹಳೇ ಬಸ್ಸು ಕೊಂಡು, ತಮ್ಮ ಹೊಟ್ಟೆ ಬಟ್ಟೆ ಕಟ್ಟಿ ಇನ್ನೊಂದು ಕೊಂಡವರು. ಸಂಬಳ ಕೊಡುವುದರಲ್ಲಿ ಧಾರಾಳಿ ಎಂದು ನಾನು ಸುಳ್ಳು ಹೇಳಲಾರೆ. ಹೇಳಿದ ದಿನ ಕೊಡುತ್ತಿದ್ದರು, ಹೇಳಿದಷ್ಟೇ ಕೊಡುತ್ತಿದ್ದರು. ಅದಕ್ಕಿಂತ ಹೆಚ್ಚು ಅವರಲ್ಲಿ ಇರಲೂ ಇಲ್ಲ.

ಆದರೆ ಮಳೆ ಹಿಡಿಯುವ ಮೊದಲು ಪ್ರತಿ ಕೆಲಸಗಾರನ ಮನೆಗೂ ಒಂದು ಹೊಸ ಕೊಡೆ ಬರುತ್ತಿತ್ತು. ಕೊಡೆ ಕೆಲಸಗಾರನಿಗಲ್ಲ, ಅವನ ಹೆಂಡತಿಗೆ. "ನೀವ್ ಬಸ್ಸಿನೊಳಗೆ ಇಪ್ಪರ್, ನಿಮ್ಗ್ ಎಂತಕೆ ಕೊಡೆ?" ಎಂಬುದು ಧಣಿಗಳ ವಾದ. ಅಮ್ಮ ಆ ಕೊಡೆಯನ್ನು ಮಳೆಯಲ್ಲಿ ಬಳಸಿದ್ದಕ್ಕಿಂತ ಬಿಸಿಲಿನಲ್ಲಿ, ಯಾರಾದರೂ ನೋಡುತ್ತಿದ್ದಾಗ ಬಳಸಿದ್ದೇ ಹೆಚ್ಚು.

ಇನ್ನೊಂದು ಸಂಗತಿ ನೆನಪಾಯಿತು. ನನ್ನ ತಮ್ಮ ಹುಟ್ಟುವ ಕಾಲಕ್ಕೆ ಅಮ್ಮ ತವರಿಗೆ ಹೋಗಿದ್ದಳು. ಅವಳ ತವರು ವಂಡ್ಸೆಯಿಂದ ಸ್ವಲ್ಪ ಮುಂದೆ, ಬಸ್ಸಿನ ರಸ್ತೆಗೆ ತಾಗಿಕೊಂಡೇ ಇತ್ತು. ಅಪ್ಪಯ್ಯನ ಬಸ್ಸು ಸಂಜೆಯ ಕೊನೆಯ ಟ್ರಿಪ್ಪು ಮುಗಿಸಿ ಕುಂದಾಪುರದಲ್ಲಿ ಹಾಲ್ಟ್ ಆಗುವುದು ವಾಡಿಕೆ. ಧಣಿಗಳು ಯಾರಿಗೂ ಏನೂ ಹೇಳದೆ ಹಾಲ್ಟನ್ನೇ ವಂಡ್ಸೆಗೆ ಬದಲಾಯಿಸಿಬಿಟ್ಟರು. ಮಗು ಹುಟ್ಟಿ, ಬಾಣಂತನ ಮುಗಿದು, ಅಮ್ಮ ಕುಂದಾಪುರಕ್ಕೆ ಮರಳುವವರೆಗೂ ಬಸ್ಸು ಅಲ್ಲೇ ತಂಗುತ್ತಿತ್ತು. ಅಪ್ಪಯ್ಯ ದಿನಾ ಸಂಜೆ ಮಗನ ಮುಖ ನೋಡುತ್ತಿದ್ದರು. ಊರಿನವರು ಮಾತ್ರ ತಮ್ಮ ಊರು ದೊಡ್ಡದಾಯಿತು, ಅದಕ್ಕೇ ಹಾಲ್ಟ್ ಬಸ್ಸು ಬಂತು ಎಂದುಕೊಂಡು ಹಿಗ್ಗಿದರು. ಅದನ್ನು ತಪ್ಪಿಸಿದಾಗ ಒಂದು ಅರ್ಜಿ ಬರೆದುಕೊಂಡು ಬಂದರಂತೆ. ಧಣಿಗಳು ಅರ್ಜಿ ಓದಿ, "ಶೀನಂಗೆ ಇನ್ನೊಂದ್ ಮಗು ಆಪ್ ಹೊತ್ತಿಗೆ ಕಾಂಬ," ಎಂದು ಕಳಿಸಿದರಂತೆ.

ಈಗ ಕಾಲಿನ ವಿಷಯಕ್ಕೆ ಬರುತ್ತೇನೆ.

ದೀಪಾವಳಿ ಕಳೆದ ಮೇಲೆ, ಕೊಲ್ಲೂರಿಗೆ ಹೋಗುವವರ ಗದ್ದಲ ಶುರುವಾಗುವ ಮೊದಲು, ಕಂಪೆನಿಯಲ್ಲಿ ಒಂದು ಪದ್ಧತಿ ಇತ್ತು. ಪ್ರತಿಯೊಬ್ಬ ಡ್ರೈವರನಿಗೂ, ಕಂಡಕ್ಟರನಿಗೂ ವರ್ಷಕ್ಕೊಂದು ದಿನ. ಆ ದಿನ ಬಸ್ಸು ಅವನದು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು. ಆದರೆ ಅವನು ಬಸ್ಸು ಬಿಡುವಂತಿಲ್ಲ, ಟಿಕೇಟು ಹರಿಯುವಂತಿಲ್ಲ, ಖಾಕಿ ಹಾಕುವಂತಿಲ್ಲ. ಬಿಳಿ ಮುಂಡು, ಬಿಳಿ ಅಂಗಿ ತೊಟ್ಟು ಮುಂದಿನ ಸೀಟಿನಲ್ಲಿ ಪ್ಯಾಸೆಂಜರ್ ಆಗಿ ಕೂರಬೇಕು. ಬಸ್ಸು ಬಿಡುವವರು ಧಣಿಗಳು.

ಬೆಳಿಗ್ಗೆ ಬಸ್ಸನ್ನು ತಾವೇ ತೊಳೆದು, ಬಾನೆಟ್ಟಿಗೆ ಒಂದು ಗೊಂಡೆ ಹೂವಿನ ಮಾಲೆ ಕಟ್ಟಿ, ನಮ್ಮ ಮನೆಯ ಓಣಿಯ ಬಾಯಿಗೆ ತಂದು ನಿಲ್ಲಿಸುತ್ತಿದ್ದರು. ತಮ್ಮ ಹಳೆಯ ಖಾಕಿ ಅಂಗಿಯನ್ನು ಪೆಟ್ಟಿಗೆಯಿಂದ ತೆಗೆದು ಹಾಕಿಕೊಂಡಿರುತ್ತಿದ್ದರು. ಅಂಗಿ ಡ್ರೈವರ್ ಕಾಲದ್ದು, ಹೊಟ್ಟೆ ಧಣಿ ಕಾಲದ್ದು. ಗುಂಡಿಗಳ ನಡುವೆ ಬನಿಯನ್ನು ಇಣುಕುತ್ತಿತ್ತು. ಆಮೇಲೆ ಇಳಿದು ಬಂದು ಬಾಗಿಲು ತೆರೆದು, "ಹ್ವಾಯ್, ಹತ್ತಿ ಹತ್ತಿ, ಟೈಮಾಯ್ತ್!" ಎಂದು ಥೇಟ್ ಬಸ್ಸಿನವರ ಹಾಗೆ ಕೂಗುತ್ತಿದ್ದರು. ನಮ್ಮ ಓಣಿಯವರೆಲ್ಲ ಜಗಲಿಗೆ ಬಂದು ನೋಡುತ್ತಿದ್ದರು. ಅಮ್ಮ ಅವರೆಲ್ಲ ಬಂದು ಮುಗಿಯುವವರೆಗೆ ಏನೋ ಮರೆತವಳ ಹಾಗೆ ಒಳಗೆ ಹೊರಗೆ ಓಡಾಡಿ ಕೊನೆಗೆ ಹತ್ತುತ್ತಿದ್ದಳು. ಅಷ್ಟು ಹೆಮ್ಮೆ ಅವಳಿಗೆ. ನನಗೂ.

ಎಲ್ಲಿಗೆ ಹೋಗುವುದು ಎಂಬುದರಲ್ಲಿ ಪ್ರತಿ ವರ್ಷವೂ ಮನೆಯಲ್ಲಿ ಜಗಳ. ತಮ್ಮನಿಗೆ ಮರವಂತೆಯ ಕಡಲು ನೋಡಬೇಕು, ನನಗೆ ಉಡುಪಿ ನೋಡಬೇಕು. ಅಮ್ಮ ಎಲ್ಲವನ್ನೂ ಕೇಳಿ ತನ್ನ ತವರಿಗೇ ಹೊರಡಿಸುತ್ತಿದ್ದಳು. ಅಂದರೆ ಅಪ್ಪಯ್ಯ ವರ್ಷವಿಡೀ ಸವೆಸಿದ ಅದೇ ರಸ್ತೆ. ಉಡುಪಿಗೆ ಹೋದರೆ ನಮ್ಮನ್ನು ಯಾರು ನೋಡುತ್ತಾರೆ, ನೀವೇ ಹೇಳಿ.

ಪ್ಯಾಸೆಂಜರ್ ಆದ ಅಪ್ಪಯ್ಯನ ಪಾಡು ಮಾತ್ರ ಯಾರಿಗೂ ಬೇಡ. ಕೈ ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡು, ಕಣ್ಣು ರಸ್ತೆಯ ಮೇಲೆ ನೆಟ್ಟು, ತುಟಿಯಲ್ಲೇ "ಗೇರ್... ಗೇರ್..." ಎನ್ನುತ್ತಿದ್ದರು. ತಿರುವು ಬಂದರೆ ಬಲಗಾಲು ಮುಂದಕ್ಕೆ ಚಾಚುತ್ತಿತ್ತು. ಕಾಲಡಿಯ ಹಲಗೆಯ ಮೇಲೆ ಧಡ್ ಎಂದು ಸದ್ದು.

"ಸುಮ್ನೆ ಕೂಕಣಿ, ಕಾಂಬರ್ ಎಂತ ಹೇಳ್ತ್ರ್?" ಎಂದು ಅಮ್ಮ ಸೆರಗಿನ ಮರೆಯಲ್ಲಿ ತಿವಿಯುತ್ತಿದ್ದಳು.

ಧಣಿಗಳು ಹಿಂದಕ್ಕೆ ತಿರುಗದೆಯೇ ಹೇಳುತ್ತಿದ್ದರು: "ಶೀನ, ಕಾಲ್ ಎತ್ತಿ ಕೂಕೊ. ಇವತ್ ಬ್ರೇಕ್ ನಂದ್."

"ಇಲ್ಲ ಧಣಿ, ಆ ತಿರುವಂಗೆ ಒಂದ್ ಹೊಂಡ ಇತ್ತ್..."

"ಆ ಹೊಂಡ ನೀ ಹುಟ್ಟುಕ್ ಮುಂಚೆ ನಾ ಕಂಡಿದೆ."

ಕಾಲು ಒಂದು ಗಳಿಗೆ ಹಿಂದೆ ಸರಿಯುತ್ತಿತ್ತು. ಮುಂದಿನ ತಿರುವಿಗೆ ಮತ್ತೆ ಧಡ್. ನಾನು ಪಕ್ಕದಲ್ಲಿ ಕುಳಿತು ನೋಡಿ ನೋಡಿ ನನ್ನ ಕಾಲಿಗೂ ಅದು ಅಂಟಿತು. ಬೇರೆಯವರಿಗೆ ತಂದೆಯಿಂದ ಗದ್ದೆ, ತೋಟ ಬರುತ್ತದೆ. ನನಗೆ ಬಂದದ್ದು ಇದು.

ಇದರ ಮೇಲೆ ಇನ್ನೊಂದು ಫಜೀತಿ. ದಾರಿಯಲ್ಲಿ ಕಾಯುವ ಜನಕ್ಕೆ ಇವತ್ತು ಶೀನಣ್ಣನ ರಜೆ ಎಂದು ಹೇಗೆ ಗೊತ್ತಾಗಬೇಕು? ಹಳದಿ ಬಸ್ಸು ಕಂಡಿತು, ಕೈ ಅಡ್ಡ ಹಿಡಿದರು. ಮೊದಲ ವರ್ಷ ಧಣಿಗಳು ನಿಲ್ಲಿಸದೆ ಮುಂದೆ ಹೋದರಂತೆ. ಅಪ್ಪಯ್ಯ ಸೀಟಿನಿಂದ ಅರ್ಧ ಎದ್ದು, "ಧಣಿ, ಆ ಅಜ್ಜಿ ಇನ್ ಮಧ್ಯಾಹ್ನದವರಿಗೆ ಬಿಸ್ಲಂಗೆ ನಿಂತ್ಕಂಡಿರ್ಕ್," ಎಂದರಂತೆ. ಧಣಿಗಳು ಬಸ್ಸನ್ನು ಹಿಂದಕ್ಕೆ ತಂದರು. ಅಲ್ಲಿಂದ ಮುಂದೆ ಯಾವ ವರ್ಷವೂ ಯಾರನ್ನೂ ಬಿಡಲಿಲ್ಲ. ಜನ ಹತ್ತುತ್ತಿದ್ದರು, ಮೂಟೆ ಹತ್ತುತ್ತಿತ್ತು, ಕೋಳಿ ಹತ್ತುತ್ತಿತ್ತು. ಸೌತೆಕಾಯಿ ಬುಟ್ಟಿಯನ್ನು ಧಣಿಗಳೇ ಏಣಿ ಹತ್ತಿ ಮೇಲಿಡುತ್ತಿದ್ದರು. ಯಾರಾದರೂ ದುಡ್ಡು ತೆಗೆದರೆ, "ಇವತ್ ಟಿಕೇಟ್ ಇಲ್ಲ. ಇದ್ ಶೀನನ ಬಸ್ಸ್. ನೀವೆಲ್ಲ ಅವನ ನೆಂಟ್ರ್," ಎನ್ನುತ್ತಿದ್ದರು.

ನೆಂಟರೆಂದ ಮೇಲೆ ಬರಿಗೈಯಲ್ಲಿ ಕೂರುವುದು ಹೇಗೆ? ಒಬ್ಬರು ಒಂದು ಸೌತೆಕಾಯಿ, ಒಬ್ಬರು ನಾಲ್ಕು ಹಣ್ಣಡಿಕೆ, ಇನ್ನೊಬ್ಬರು ಕೆಸುವಿನ ಗೆಡ್ಡೆ ಅಮ್ಮನ ಮಡಿಲಿಗೆ ಹಾಕುತ್ತಿದ್ದರು. ತವರು ಮುಟ್ಟುವ ಹೊತ್ತಿಗೆ ಅಮ್ಮ ಎದ್ದು ನಿಲ್ಲಲಾರದ ಸ್ಥಿತಿ. ಮಗಳು ಬಸ್ಸು ತುಂಬಾ ಜನರನ್ನೂ ಮಡಿಲು ತುಂಬಾ ತರಕಾರಿಯನ್ನೂ ತಂದಳೆಂದು ಅಜ್ಜಿ ವರ್ಷವಿಡೀ ಹೇಳಿಕೊಳ್ಳುತ್ತಿದ್ದರು.

ಹೀಗಿರುವಾಗ ನೀಲಿ ಬಸ್ಸು ಬಂತು.

ತೆಂಕಣ ಕಡೆಯ ದೊಡ್ಡ ಕಂಪೆನಿ. ಬೇಕಾದಷ್ಟು ಬಸ್ಸುಗಳಿದ್ದವರು. ನಮ್ಮ ರಸ್ತೆಗೂ ಪರ್ಮಿಟ್ ಮಾಡಿಸಿಕೊಂಡು ಬಂದರು. ಬಸ್ಸು ಹೊಸದು, ಸೀಟಿಗೆ ಮೆತ್ತೆ, ಹಾರ್ನು ಕರೆಂಟಿನದು. ಆದರೆ ನಮ್ಮ ರಸ್ತೆಯ ತಿರುವು ಬಲ್ಲ ಡ್ರೈವರ್ ಅವರಲ್ಲಿರಲಿಲ್ಲ. ಧಣಿಗಳ ಇನ್ನೊಂದು ಬಸ್ಸಿನ ಡ್ರೈವರನ್ನು ಸಂಬಳ ಏರಿಸಿ ಕರೆದರು, ಅವನು ಹೋದ. ಅವನೊಬ್ಬ ಸಾಲದೆಂದು ಆಮೇಲೆ ಅಪ್ಪಯ್ಯನಿಗೂ ಹೇಳಿ ಕಳಿಸಿದರು.

ನಮ್ಮ ಮನೆಯ ಮಾಡು ಆಗ ಹುಲ್ಲಿನದು. ಓಣಿಯಲ್ಲಿ ಒಂದೊಂದೇ ಮನೆಗೆ ಹಂಚು ಬರುತ್ತಿದ್ದ ಕಾಲ. ಪ್ರತಿ ಮಳೆಗಾಲದಲ್ಲೂ ಅಮ್ಮ ಸೋರುವ ಜಾಗಕ್ಕೆಲ್ಲ ಪಾತ್ರೆ ಇಟ್ಟು, ಮಕ್ಕಳನ್ನು ಒಣಗಿದ ಮೂಲೆಯಲ್ಲಿ ಮಲಗಿಸುತ್ತಿದ್ದಳು. ನೀಲಿ ಬಸ್ಸಿನವರ ಸಂಬಳ ಬಂದರೆ ಮುಂದಿನ ಮಳೆಗೆ ಮುಂಚೆ ಹಂಚು ಹಾಕಿಸಬಹುದಿತ್ತು. ಅಪ್ಪಯ್ಯ ಅದನ್ನು ಊಟದ ಹೊತ್ತಿಗೆ ಹೇಳಿದಾಗ ಅಮ್ಮ ಬಡಿಸುವುದನ್ನು ನಿಲ್ಲಿಸಿ ಮೇಲೆ ನೋಡಿದಳು. ನಾನೂ ನೋಡಿದೆ. ಮಸಿ ಹಿಡಿದ ಆ ಹುಲ್ಲಿನ ಜಾಗದಲ್ಲಿ ಕೆಂಪು ಹಂಚು ನನಗೆ ಕಂಡೇಬಿಟ್ಟಿತು. ನನಗೆ ಆಸೆಯಾಯಿತು ಎಂಬುದನ್ನು ಬಚ್ಚಿಡುವುದಿಲ್ಲ. ಮರುಕ್ಷಣವೇ, ಹಾಗಾದರೆ ಬಾನೆಟ್ಟಿಗೆ ಹೂವು ಕಟ್ಟಿದ ಬಸ್ಸು ಇನ್ನು ನಮ್ಮ ಓಣಿಗೆ ಬರುವುದಿಲ್ಲವಲ್ಲ ಎಂದು ಅಳುವೂ ಬಂತು.

"ಧಣಿ ಎಂತ ಹೇಳ್ರ್?" ಎಂದು ಅಮ್ಮ ಕೇಳಿದಳು.

"ಅವ್ರಿಗೆ ಗೊತ್ತಿತ್ತ್. ಹೋಪುದ್ ಬೇಡ ಅಂತ ಹೇಳ್ಲಿಲ್ಲ. ಜಾಸ್ತಿ ಕೊಡುಕೆ ಈಗ ನನ್ ಹತ್ರ ಇಲ್ಲ ಶೀನ, ನಿನ್ನ ಹೆಂಡ್ತಿ ಹತ್ರ ಕೇಂಡ್ಕಂಡ್ ಮಾಡ್ ಅಂದ್ರ್."

ಅಮ್ಮ ಮತ್ತೆ ಸೌಟು ಎತ್ತಿಕೊಂಡಳು. ನನ್ನ ಬಟ್ಟಲಿಗೆ ಎರಡನೆಯ ಸಲ ಸಾರು ಹಾಕಿದಳು, ನಾನು ಬೇಡ ಎಂದರೂ ಹಾಕಿದಳು. ಕೊನೆಗೆ, "ಹೋಪ್ದಾರೆ ಹೋಯ್ನಿ. ನಾ ಅಡ್ಡ ಬತ್ತಿಲ್ಲ. ಆದ್ರೆ ಒಂದ್ ಮಾತ್ ಕೇಣಿ. ಸಂಬಳ ಅವ್ರೇ ಹೇಳ್ತ್ರ್, ಅದ್ ಕೇಣುದ್ ಬೇಡ. ವರ್ಷಕ್ಕೊಂದ್ ದಿನ ನಿಮ್ಮನ್ ಕೂರ್ಸ್ಕಂಡ್ ಗಾಡಿ ಯಾರ್ ಬಿಡ್ತ್ರ್, ಅದ್ ಕೇಣಿ," ಎಂದಳು.

ಅಪ್ಪಯ್ಯ ಕೇಳಿಯೇಬಿಟ್ಟರು. ಅವರ ಬಾಯಿಯಿಂದ ಈ ಕಥೆಯನ್ನು ಎಷ್ಟು ಸಲ ಕೇಳಿದ್ದೇನೆಂದರೆ ನಾನೇ ಅಲ್ಲಿದ್ದೆನೇನೋ ಎಂದು ಈಗ ಅನುಮಾನ. ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲು. ನೀಲಿ ಬಸ್ಸಿನ ಮೆನೇಜರು ಗೋಳಿಬಜೆಗೆ ಆರ್ಡರ್ ಕೊಟ್ಟು ಸಂಬಳದ ಮಾತು ಮುಗಿಸಿ, "ಮತ್ತೆ ಎಂತಾದರೂ ಕೇಳುವುದುಂಟಾ?" ಎಂದರಂತೆ. ಅಪ್ಪಯ್ಯ ಅಮ್ಮನ ಪ್ರಶ್ನೆ ಕೇಳಿದರು. ಮೆನೇಜರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಗೋಳಿಬಜೆ ಗಂಟಲಿಗೆ ಸಿಕ್ಕುವಷ್ಟು ನಕ್ಕರು.

"ಎಂತದು ಮಾರಾಯ್ರೆ! ಮಾಲಕರು ಡ್ರೈವರನ್ನು ಕೂರಿಸಿ ಗಾಡಿ ಬಿಡುವುದಾ? ನಿಮಗೆ ಸಂಬಳ ಬೇಕಾ, ತಮಾಷೆ ಬೇಕಾ?"

ಅಪ್ಪಯ್ಯ ಚಾ ಲೋಟ ಕೆಳಗಿಟ್ಟರು. "ಎರಡೂ ಬೇಕಿತ್ತ್. ಸಂಬಳ ಜಾಸ್ತಿ ಮಾಡುಕೆ ನಮ್ ಧಣಿಗೆ ಇವತ್ ಆತಿಲ್ಲ, ಮುಂದೆ ಒಂದಿನ ಆತ್ತ್. ಇದ್ ನಿಮ್ಗ್ ಯಾವತ್ತೂ ಆತಿಲ್ಲ. ನಾ ಬತ್ತೆ," ಎಂದು ಎದ್ದರಂತೆ. ಗೋಳಿಬಜೆಯನ್ನು ಮುಟ್ಟಲಿಲ್ಲ ಎಂದು ಕೊನೆಯಲ್ಲಿ ಸೇರಿಸುತ್ತಿದ್ದರು. ಅಮ್ಮ ಮಾತ್ರ, ಗೋಳಿಬಜೆ ಬಿಟ್ಟು ಬಂದದ್ದನ್ನು ನಾನು ನಂಬುವುದಿಲ್ಲ ಎನ್ನುತ್ತಿದ್ದಳು.

ಅಳಿಯನಿಗೆ ಇಷ್ಟು ಹೇಳಿದಾಗ ಅವನು ಒಂದು ಒಳ್ಳೆಯ ಪ್ರಶ್ನೆ ಕೇಳಿದ. "ಅತ್ತೆ, ಅದು ಪ್ರೀತಿ ತೋರಿಸಿ ಸಂಬಳ ಉಳಿಸುವ ಉಪಾಯ ಅಲ್ವಾ?" ಇರಬಹುದು. ನಮ್ಮ ಮಾಡಿಗೆ ಹಂಚು ಬರಲು ಇನ್ನೂ ಕೆಲವು ಮಳೆಗಾಲ ಕಾಯಬೇಕಾಯಿತು ಎಂಬುದು ಸತ್ಯ. ಬಂತು, ಧಣಿಗಳು ಸಂಬಳ ಏರಿಸಿದ ಮೇಲೇ ಬಂತು. ಅಲ್ಲಿಯವರೆಗೆ ಅಮ್ಮ ಪಾತ್ರೆ ಇಡುವಾಗೆಲ್ಲ ಧಣಿಗಳಿಗೂ ಅಪ್ಪಯ್ಯನಿಗೂ ಸೇರಿಸಿಯೇ ಬೈಯುತ್ತಿದ್ದಳು. ಆದರೆ ಬೈದು ಮುಗಿಸಿ ಆ ಕೊಡೆ ಬಿಡಿಸಿಕೊಂಡು ಬಾವಿಗೆ ಹೋಗುವಾಗ ಅವಳ ನಡಿಗೆ ನೋಡಬೇಕಿತ್ತು. ಉಪಾಯವೇ ಆಗಿದ್ದರೆ, ಮೈಗೆ ಬಿಗಿಯುವ ಅಂಗಿ ತೊಟ್ಟು ಸೌತೆಕಾಯಿ ಬುಟ್ಟಿ ಹೊತ್ತು ಏಣಿ ಹತ್ತುವಷ್ಟು ಕಷ್ಟದ ಉಪಾಯವನ್ನು ಯಾರು ಹೂಡುತ್ತಾರೆ?

ಆ ವರ್ಷ ಅಪ್ಪಯ್ಯ ದುಡಿದು ಹಣ್ಣಾಗಿಹೋದರು. ಇನ್ನೊಂದು ಬಸ್ಸಿಗೆ ಡ್ರೈವರ್ ಇಲ್ಲ. ಅದನ್ನು ಧಣಿಗಳೇ ಬಿಡುತ್ತಿದ್ದರು. ಅವರಿಗೆ ಆಗದ ಟ್ರಿಪ್ಪುಗಳನ್ನೂ ಅಪ್ಪಯ್ಯನೇ ಮಾಡುತ್ತಿದ್ದರು. ನೀಲಿ ಬಸ್ಸು ಕರೆಂಟಿನ ಹಾರ್ನು ಹಾಕಿಕೊಂಡು ಮುಂದೆ ಹೋಗುವುದು, ನಮ್ಮ ಹಳದಿ ಬಸ್ಸು 'ಪೋಂ ಪೋಂ' ಎನ್ನುತ್ತಾ ಹಿಂದೆ. ದಾರಿಯ ಜನ ಹೊಸ ಬಸ್ಸನ್ನು ಒಂದೆರಡು ಸಲ ಹತ್ತಿ, ಮೆತ್ತೆಯ ಸುಖ ನೋಡಿ, ಮತ್ತೆ ಶೀನಣ್ಣನಿಗೇ ಕಾದು ನಿಂತರು. ದೀಪಾವಳಿ ಬಂತು, ಹೋಯಿತು. ಈ ಸಲ ನಮ್ಮ ದಿನ ಇರಲಿಕ್ಕಿಲ್ಲ, ಇಬ್ಬರೇ ಡ್ರೈವರುಗಳು, ಬಸ್ಸು ನಿಲ್ಲಿಸಿದರೆ ಹೇಗೆ ಎಂದು ಅಮ್ಮನೇ ನಮ್ಮನ್ನು ಸಮಾಧಾನ ಮಾಡಿದ್ದಳು.

ಒಂದು ಬೆಳಿಗ್ಗೆ ಓಣಿಯ ಬಾಯಿಯಲ್ಲಿ 'ಪೋಂ' ಕೇಳಿತು. ಗೊಂಡೆ ಹೂವಿನ ಮಾಲೆ, ಬಿಗಿಯುವ ಖಾಕಿ, "ಹ್ವಾಯ್, ಟೈಮಾಯ್ತ್!" ಎಲ್ಲ ಎಂದಿನಂತೆಯೇ. ನೀಲಿ ಬಸ್ಸಿನ ಮಾತನ್ನು ಧಣಿಗಳು ಅಂದೂ ಎತ್ತಲಿಲ್ಲ. ಅಪ್ಪಯ್ಯನ ಬಿಳಿ ಅಂಗಿಯ ಕಾಲರನ್ನು ಒಮ್ಮೆ ಸರಿಮಾಡಿ ಸೀಟು ತೋರಿಸಿದರು, ಅಷ್ಟೇ.

ಬಸ್ಸು ಹೊರಟಿತು. ಮೊದಲ ತಿರುವು ಬಂತು. ನಾನೂ ತಮ್ಮನೂ ನಗಲು ತಯಾರಾಗಿ ಕಾದೆವು. ಧಡ್ ಎನ್ನಲಿಲ್ಲ. ಎರಡನೆಯ ತಿರುವಿಗೂ ಇಲ್ಲ. ತಿರುಗಿ ನೋಡಿದರೆ ಅಪ್ಪಯ್ಯ ಕಿಟಕಿಗೆ ತಲೆ ಆನಿಸಿ, ಬಾಯಿ ಸ್ವಲ್ಪ ತೆರೆದು, ಗಾಢ ನಿದ್ದೆಯಲ್ಲಿದ್ದರು. ಬೇರೆಯವರು ಬಿಡುವ ಗಾಡಿಯಲ್ಲಿ ಅಪ್ಪಯ್ಯ ಕಣ್ಣು ಮುಚ್ಚಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಧಣಿಗಳು ಒಮ್ಮೆ ತಿರುಗಿ ನೋಡಿದರು. ಹಾರ್ನಿನ ಉಂಡೆಯ ಮೇಲಿದ್ದ ಕೈಯನ್ನು ತೆಗೆದು ಸ್ಟೇರಿಂಗಿನ ಮೇಲಿಟ್ಟರು.

ಆ ದಿನ ವಂಡ್ಸೆಯ ರಸ್ತೆಯಲ್ಲಿ ಹಳದಿ ಬಸ್ಸು ಹಾರ್ನ್ ಹಾಕದೆ ಹೋಯಿತು. ಪ್ರತಿ ತಿರುವಿಗೂ ಧಣಿಗಳು ಬಸ್ಸನ್ನು ನಡಿಗೆಯಷ್ಟು ನಿಧಾನ ಮಾಡಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿ ತಿರುಗಿಸುತ್ತಿದ್ದರು. ಕೈ ಅಡ್ಡ ಹಿಡಿದವರಿಗೆಲ್ಲ ನಿಲ್ಲಿಸಿದರು. ಹತ್ತುವವರಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು.

"ಎಂತ ಆಯ್ತ್? ಶೀನಣ್ಣಂಗೆ ಹುಷಾರಿಲ್ದಾ?" ಎಂದು ಒಬ್ಬರು ಪಿಸುಗುಟ್ಟಿದರು.

"ನಿದ್ರಿ," ಎಂದಳು ಅಮ್ಮ. "ಎಬ್ಸ್ಬೇಡಿ ಮಾರ್ರೆ."

ಆ ಮಾತು ಸೀಟಿನಿಂದ ಸೀಟಿಗೆ ಹಿಂದಕ್ಕೆ ಹೋಯಿತು. ಜನ ಮೂಟೆಯನ್ನು ಎಳೆಯದೆ ಎತ್ತಿ ಇಟ್ಟರು. ಕೋಳಿ ತಂದ ಮುದುಕಿಯೊಬ್ಬರು ಅದರ ತಲೆಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕುಳಿತರು. ಸೌತೆಕಾಯಿಗಳು ಸದ್ದಿಲ್ಲದೆ ಒಂದೊಂದಾಗಿ ಅಮ್ಮನ ಮಡಿಲಿಗೆ ಬಂದವು. ನಮ್ಮ ಕಡೆಯವರು ಬಸ್ಸಿನಲ್ಲಿ ಮಾತಾಡದೆ ಕುಳಿತದ್ದನ್ನು ನಾನು ಇಷ್ಟು ವರ್ಷಗಳಲ್ಲಿ ಕಂಡದ್ದು ಅದೊಂದೇ ಸಲ.

ಅಜ್ಜಿಮನೆಯ ಮುಂದೆ ಧಣಿಗಳು ಬಸ್ಸನ್ನು ಹಲಸಿನ ಮರದ ನೆರಳಿಗೆ ತಂದು ನಿಲ್ಲಿಸಿದರು. ಯಾರೂ ಇಳಿಯಲಿಲ್ಲ. ಬೆಲ್ಲ ನೀರು ಹಿಡಿದು ಓಡಿ ಬಂದ ಅಜ್ಜಿ, ಬಸ್ಸು ತುಂಬಾ ಜನ ಉಸಿರು ಬಿಗಿಹಿಡಿದು ಕುಳಿತದ್ದು ನೋಡಿ ಮೆಟ್ಟಿಲಲ್ಲೇ ನಿಂತರು. ಧಣಿಗಳು ಡ್ರೈವರ್ ಸೀಟಿನಲ್ಲಿ ಬೆವರು ಒರೆಸಿಕೊಳ್ಳುತ್ತಾ, ಅಪ್ಪಯ್ಯ ತಾನಾಗಿ ಏಳಲೆಂದು ಕಾಯುತ್ತಿದ್ದರು.

ಆಗ ತಮ್ಮ ನನ್ನನ್ನು ಮೊಣಕೈಯಿಂದ ತಿವಿದು ಕೆಳಗೆ ತೋರಿಸಿದ. ಅಪ್ಪಯ್ಯನ ಚಪ್ಪಲಿ ಮಾತ್ರ ಹಲಗೆಯ ಮೇಲಿತ್ತು. ಕಾಲು ಎರಡನ್ನೂ ಅವರು ಸೀಟಿನ ಮೇಲೆ ಎತ್ತಿಟ್ಟುಕೊಂಡಿದ್ದರು.